ಒಂದೇ ಬ್ಯಾಚ್

"ನಾಲ್ಕೂ ಒಂದೇ ಪೆಟ್ಟಿಗೆಯಿಂದ ತೆಗೀಬೇಡಿ ಅಂತ ಆಗ್ಲೇ ಅಂದೆ," ಎಂದು ಅವನು ಕೌಂಟರಿನ ಗಾಜಿನ ಮೇಲೆ ಬೆರಳು ಕುಟ್ಟಿದ. ದನಿ ಅರ್ಧದಾರಿಯಲ್ಲೇ ಒಡೆದು, ಕೊನೆಯ ಮಾತು ಬರೀ ಗಾಳಿಯಾಗಿ ಹೊರಗೆ ಬಂತು.

ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಯವನು ಸಾಲಾಗಿ ಇಟ್ಟಿದ್ದ ನಾಲ್ಕು ಹಾರ್ಡ್ ಡಿಸ್ಕುಗಳನ್ನು ನೋಡಿದ, ಆಮೇಲೆ ಗಿರಾಕಿಯ ಕುತ್ತಿಗೆಗೆ ಸುತ್ತಿದ್ದ ಮಫ್ಲರನ್ನು ನೋಡಿದ. "ಎಲ್ಲಾ ಒಂದೇ ಕಂಪನಿ ಮಾಲು ಸರ್. ಒಂದಕ್ಕಿಂತ ಒಂದು ಚೆನ್ನಾಗಿದೆ."

"ಅದೇ ತೊಂದರೆ. ಒಂದೇ ದಿನ ಹುಟ್ಟಿದವು ಒಂದೇ ದಿನ ಸಾಯ್ತವೆ. ಎರಡು ಈ ಕಂಪನೀದು, ಎರಡು ಆ ಕಂಪನೀದು ಕೊಡಿ. ತಾರೀಖೂ ಬೇರೆ ಬೇರೆ ಇರಲಿ."

ಪಕ್ಕದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಅವನ ಹೆಂಡತಿ ಆಸ್ಪತ್ರೆಯ ನೀಲಿ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಗಂಡನ ಒಂದೊಂದು ಮಾತೂ ಅವಳಿಗೆ ಮುಷ್ಟಿಯಿಂದ ಸೋರಿಹೋಗುವ ಕಾಳಿನ ಹಾಗೆ ಕಾಣುತ್ತಿತ್ತು. ಇವತ್ತು ಬುಧವಾರ. ಬರುವ ಸೋಮವಾರ ಬೆಳಿಗ್ಗೆ ಡಾಕ್ಟರು ಅವನ ಗಂಟಲಿನ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದುಹಾಕುತ್ತಾರೆ. ಗಡ್ಡೆ ಹೋಗುತ್ತದೆ, ಜೀವ ಉಳಿಯುತ್ತದೆ, ಮಾತು ಇರುವುದಿಲ್ಲ. ಇರುವ ಐದು ದಿನದ ಮಾತನ್ನು ಈ ಪುಣ್ಯಾತ್ಮ ಡಿಸ್ಕಿನ ಅಂಗಡಿಯಲ್ಲಿ ಖರ್ಚು ಮಾಡುತ್ತಿದ್ದ.

ಫೈಲಿನೊಳಗೆ ಮುನ್ನೂರು ವಾಕ್ಯಗಳ ಪಟ್ಟಿಯಿತ್ತು. ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿ ಅದನ್ನು ಕೊಟ್ಟು ಸಾವಧಾನವಾಗಿ ಹೇಳಿದ್ದಳು: "ಅಂಕಲ್, ಇವನ್ನ ಓದಿ ರೆಕಾರ್ಡ್ ಮಾಡಿ ತನ್ನಿ. ಮುನ್ನೂರು ಆಗ್ದಿದ್ರೆ ನೂರಾದ್ರೂ ಬೇಕೇಬೇಕು. ಆಮೇಲೆ ನೀವು ಫೋನಲ್ಲಿ ಟೈಪ್ ಮಾಡಿದ್ದನ್ನ ಅದು ನಿಮ್ಮ ದನಿಯಲ್ಲೇ ಹೇಳುತ್ತೆ. ಹಳೇ ರೆಕಾರ್ಡಿಂಗ್ ಏನಾದ್ರೂ ಇದ್ರೆ, ಸ್ವಚ್ಛವಾಗಿದ್ರೆ, ಅದೂ ಆಗಬಹುದು." ಅವಳ ಹತ್ತು ಮಾತಿನಲ್ಲಿ ಅವನು ಕಿವಿಗೆ ಹಾಕಿಕೊಂಡದ್ದು ಕೊನೆಯದೊಂದನ್ನೇ.

ಹಳೆಯ ರೆಕಾರ್ಡಿಂಗಿಗೆ ಅವನಲ್ಲಿ ಬರವಿರಲಿಲ್ಲ. ರೈಲ್ವೆ ನಿಲ್ದಾಣದಲ್ಲಿ ಅವನು ಇಪ್ಪತ್ತಾರು ವರ್ಷ ಅನೌನ್ಸರ್ ಆಗಿದ್ದ. ಅವನ ದನಿ ಕೇಳಿ ಜನ ಓಡಿದ್ದಾರೆ, ನಿಂತಿದ್ದಾರೆ, ಬೆಂಚಿನ ಮೇಲೆ ಕೂತು ನಿಟ್ಟುಸಿರು ಬಿಟ್ಟಿದ್ದಾರೆ. ಯಂತ್ರದ ದನಿ ಬಂದ ಮೇಲೆ ಅವನಿಗೆ ಸ್ವಿಚ್ ಒತ್ತುವ ಕೆಲಸ ಮಾತ್ರ ಉಳಿಯಿತು. ಆ ದಿನಗಳಲ್ಲಿ ಕಸದ ಬುಟ್ಟಿಗೆ ಹೋಗಲಿದ್ದ ಹಳೆಯ ಟೇಪುಗಳನ್ನೆಲ್ಲ ಹೊತ್ತು ತಂದು, ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿ, ತಾನೇ ಕಟ್ಟಿದ ಒಂದು ಪೆಟ್ಟಿಗೆಯಲ್ಲಿ ತುಂಬಿಟ್ಟಿದ್ದ. ಸರ್ವರ್ ಎಂದು ಅದಕ್ಕೆ ದೊಡ್ಡ ಹೆಸರು. ಒಳಗಿದ್ದದ್ದು ಎರಡು ಡಿಸ್ಕು. ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲೂ ಇರುತ್ತಿತ್ತು, ಒಂದು ಹೋದರೆ ಇನ್ನೊಂದು ಇರಲಿ ಎಂದು. ಹೋದ ತಿಂಗಳು ಒಂದು ಹೋಯಿತು. ಅದೇ ವಾರ ಗಂಟಲಿನ ರಿಪೋರ್ಟ್ ಬಂದದ್ದರಿಂದ ಸತ್ತ ಡಿಸ್ಕಿಗಾಗಿ ಅಳಲು ಯಾರಿಗೂ ಪುರಸೊತ್ತಿರಲಿಲ್ಲ.

ಈಗ ಅವನಿಗೆ ಹೊಸ ಪೆಟ್ಟಿಗೆ ಬೇಕಿತ್ತು. ನಾಲ್ಕು ಡಿಸ್ಕಿನದು, ಎರಡು ಹೋದರೂ ಉಳಿಯುವಂಥದು.

"ರೀ, ಈಗ ಒಂದು ಡಿಸ್ಕ್ ತಗೊಂಡು ಹೋಗೋಣ," ಎಂದಳು ಅವಳು, ತಗ್ಗಿದ ದನಿಯಲ್ಲಿ. "ಇವತ್ತೇ ಹಳೇದನ್ನೆಲ್ಲ ಅದಕ್ಕೆ ಇಳಿಸಿಬಿಡಿ. ಮಿಕ್ಕಿದ್ದು ನಿಧಾನಕ್ಕೆ ಕಟ್ಟಿ."

"ಒಂದು ಡಿಸ್ಕನ್ನ ನಂಬ್ತಾರೇನೇ? ಇಡೋ ಜಾಗ ಗಟ್ಟಿ ಆಗಲಿ, ಆಮೇಲೆ ಇಡೋಣ."

ಅವನು ಮತ್ತೆ ಅಂಗಡಿಯವನ ಕಡೆ ತಿರುಗಿ ಪವರ್ ಸಪ್ಲೈ ಕೇಳಿದ. ಮೊದಲನೆಯದು ಹಗುರವಾಯಿತು. ಎರಡನೆಯದರ ಫ್ಯಾನು ಸದ್ದು ಮಾಡುತ್ತದಂತೆ. ಮೂರನೆಯದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದ. ಮದರ್‌ಬೋರ್ಡಿಗೆ ಡಿಸ್ಕುಗಳನ್ನು ಸಿಕ್ಕಿಸುವ ಕಿಂಡಿ ನಾಲ್ಕಿದ್ದರೆ ಸಾಲದು, ಆರಿರಬೇಕು. ಮೆಮೊರಿ ಅಂದರೆ ಬರೀ ಮೆಮೊರಿಯಲ್ಲ, ತನ್ನ ತಪ್ಪನ್ನು ತಾನೇ ಹಿಡಿದು ತಿದ್ದಿಕೊಳ್ಳುವ ಜಾತಿಯದು ಬೇಕು. ಅಂಗಡಿಯವನು ಏಣಿ ಹತ್ತಿ ಇಳಿದು, ಹತ್ತಿ ಇಳಿದು, ಕೊನೆಗೆ ಏಣಿಯ ಮೇಲೆಯೇ ನಿಂತುಬಿಟ್ಟ. "ಅಕ್ಕಾ, ಸರ್ ಮನೇಲೂ ಹೀಗೇನಾ?" ಎಂದು ಅಲ್ಲಿಂದಲೇ ಕೇಳಿದ.

"ಮನೇಲಿ ಇಷ್ಟು ಮಾತಾಡಲ್ಲಪ್ಪ," ಎಂದಳು ಅವಳು.

ಮನೆಗೆ ಬಂದವನೇ ಊಟದ ಮೇಜನ್ನು ಖಾಲಿ ಮಾಡಿಸಿ, ಬಿಳಿ ಬಟ್ಟೆ ಹಾಸಿ, ಸ್ಕ್ರೂಗಳನ್ನು ಬಟ್ಟಲಿಗೆ ಹಾಕಿಕೊಂಡು ಕೂತ. ಅವಳು ಪಟ್ಟಿಯ ಮೊದಲ ಹಾಳೆಯನ್ನು ಆ ಬಟ್ಟಲಿಗೇ ಒರಗಿಸಿಟ್ಟಳು. ಅವನು ಅದನ್ನು ಎತ್ತಿ, ಜೋಪಾನವಾಗಿ ಕಿಟಕಿಯ ಮೇಲಿಟ್ಟ. ಗುರುವಾರ ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಡುವಾಗ ಪಟ್ಟಿ ಕಿಟಕಿಯಲ್ಲೇ ಇತ್ತು. ಸಂಜೆ ಬಂದಾಗಲೂ ಅಲ್ಲೇ ಇತ್ತು. ಬಿಸಿಲಿಗೆ ಒಂದು ಮೂಲೆ ಮಡಚಿಕೊಂಡಿತ್ತು, ಅಷ್ಟೇ.

"ಈ ಬೋರ್ಡಿಗೆ ಈ ಮೆಮೊರಿ ಹತ್ತಲ್ಲ," ಎಂದ ಅವನು, ತಲೆ ಎತ್ತದೆ. "ತಪ್ಪು ಮಾಲು ಕೊಟ್ಟಿದ್ದಾನೆ. ನಾಳೆ ಬದಲಾಯಿಸಬೇಕು."

"ಎಷ್ಟು ವಾಕ್ಯ ಓದಿದ್ರಿ?"

"ಬೋರ್ಡೇ ಶುರುವಾಗ್ತಿಲ್ಲ ಅಂದ್ರೆ ನೀನೇನು ವಾಕ್ಯ ಅಂತೀಯ!"

ಅವಳಿಗೆ ಕೋಪ ನೆತ್ತಿಗೇರಿತು. "ಇನ್ನು ಮೂರು ದಿನ ರೀ. ನೀವು ಮೀನಮೇಷ ಎಣಿಸ್ತಾ ಕೂತ್ರೆ ಆ ಡಾಕ್ಟರೇನು ಕಾಯ್ತಾರಾ?"

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. ಮೂಲೆಯಲ್ಲಿದ್ದ ಹಳೆಯ ಪೆಟ್ಟಿಗೆಯಿಂದ ಒಂದು ಫೈಲು ತೆರೆದು ಲ್ಯಾಪ್‌ಟಾಪಿನಲ್ಲಿ ಹಾಕಿದ. ಕೋಣೆಯ ತುಂಬ ಆ ದನಿ ನಿಂತಿತು: "ಪ್ರಯಾಣಿಕರ ಗಮನಕ್ಕೆ." ತುಂಬಿದ, ಒಂದು ಗೀರೂ ಇಲ್ಲದ ದನಿ. ಯಾವ ರೈಲು ಎಷ್ಟು ತಡವಾದರೂ ಅದಕ್ಕೆ ಆತುರವಿರಲಿಲ್ಲ.

"ಇದು ನನ್ನ ದನಿ," ಎಂದ ಅವನು. "ಇದು ಇರುವಾಗ ಈ ಕೆರಕಲು ಗಂಟಲನ್ನ ಯಾಕೆ ರೆಕಾರ್ಡ್ ಮಾಡಬೇಕು? ಹಳೇದನ್ನ ಸುರಕ್ಷಿತವಾಗಿ ಇಳಿಸಿಕೊಂಡು ಆ ಹುಡುಗಿಗೆ ಕೊಟ್ಟರೆ ಮುಗೀತು."

ದನಿ ಚೆನ್ನಾಗಿತ್ತು, ಅದನ್ನು ಯಾರೂ ಇಲ್ಲ ಎನ್ನುವಂತಿರಲಿಲ್ಲ. ಆದರೆ ಟವೆಲ್ ಎಲ್ಲಿ ಎಂದು ಬಚ್ಚಲಿನಿಂದ ಕೂಗುವ ದನಿ ಅದಲ್ಲ. ನಾಳೆ ಆ ಫೋನು "ಪ್ರಯಾಣಿಕರ ಗಮನಕ್ಕೆ, ಸಾರಿಗೆ ಉಪ್ಪು ಕಡಿಮೆಯಾಗಿದೆ" ಎಂದರೆ ತಾನು ನಗಬೇಕೋ ಅಳಬೇಕೋ ಎಂದು ಯೋಚಿಸಿ, ಎರಡೂ ಒಟ್ಟಿಗೇ ಬಂದಂತಾಗಿ, ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು. ಸಾಯಲು ಹೊರಟವನ ಮುಂದೆ, ನಿನ್ನ ಒಳ್ಳೆಯ ದನಿ ನನಗೆ ಬೇಡ ಎನ್ನುವುದು ಹೇಗೆ? ಸಾಯಲು ಹೊರಟವನಲ್ಲ, ಎಂದು ತನ್ನನ್ನು ತಾನೇ ಗದರಿಸಿಕೊಂಡಳು. ಬದುಕಲು ಹೊರಟವನು.

ಶುಕ್ರವಾರ ಮೆಮೊರಿ ಬದಲಾಯಿಸಿಕೊಂಡು ಬಂದದ್ದಾಯಿತು. ಮಧ್ಯಾಹ್ನದ ಹೊತ್ತಿಗೆ ಹೊಸ ಪೆಟ್ಟಿಗೆ ಉಸಿರಾಡತೊಡಗಿತು. ಅವಳು ಅವತ್ತು ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಸುಮ್ಮನೆ ಕೂರಲಾಗದೆ ಹಳೆಯ ಪೆಟ್ಟಿಗೆಯ ಧೂಳು ಒರೆಸುತ್ತಿದ್ದಾಗ ಸತ್ತ ಡಿಸ್ಕನ್ನು ಕೈಗೆತ್ತಿಕೊಂಡಳು. ಅದರ ಮೈಮೇಲಿನ ಚೀಟಿ ನೋಡಿದಳು. ಆಮೇಲೆ ಬಗ್ಗಿ, ಪೆಟ್ಟಿಗೆಯೊಳಗೆ ಇನ್ನೂ ತಿರುಗುತ್ತಿದ್ದ ಇನ್ನೊಂದರ ಚೀಟಿ ನೋಡಿದಳು.

ಅವಳು ಹದಿನೆಂಟು ವರ್ಷದಿಂದ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಯಾವುದನ್ನು ಕೈಗೆತ್ತಿಕೊಂಡರೂ ಮೊದಲು ಅವಳ ಕಣ್ಣು ಹೋಗುವುದು ತಾರೀಖಿಗೆ ಮತ್ತು ಬ್ಯಾಚಿಗೆ. ಒಂದು ಬ್ಯಾಚಿನ ಒಂದು ಬಾಟಲಿ ಕೆಟ್ಟಿದೆ ಎಂದು ಪತ್ರ ಬಂದರೆ ಆ ಬ್ಯಾಚಿನ ಎಲ್ಲವನ್ನೂ ಅದೇ ಗಳಿಗೆಯಲ್ಲಿ ಶೆಲ್ಫಿನಿಂದ ಇಳಿಸುತ್ತಾರೆ. ನೋಡಲು ಚೆನ್ನಾಗಿದೆಯಲ್ಲ ಎಂದು ಯಾರೂ ಕೇಳುವುದಿಲ್ಲ.

"ರೀ, ಇವೆರಡೂ ಒಂದೇ ಬ್ಯಾಚು."

"ಹೂಂ?"

"ಈ ಹಳೇವು. ಒಂದೇ ತಾರೀಖು, ಒಂದೇ ಬ್ಯಾಚು. ಒಂದು ಹೋಗಿ ತಿಂಗಳಾಯ್ತು. ನೀವೇ ಅಂಗಡಿಯವನಿಗೆ ಹೇಳಿದ್ರಲ್ಲ, ಒಂದೇ ದಿನ ಹುಟ್ಟಿದವು ಅಂತ."

ಅವನ ಕೈ ಒಂದು ಕ್ಷಣ ನಿಂತಿತು. ಅದನ್ನು ಅವಳು ನೋಡಿದಳು. ಆದರೆ ಅವನು ತಲೆ ಕೊಡವಿದ. "ಆಗ ನನಗೆ ಗೊತ್ತಿರ್ಲಿಲ್ಲ. ಒಂದೇ ಅಂಗಡೀಲಿ ಜೋಡಿ ತಂದಿದ್ದೆ. ಏನಾಗಲ್ಲ ಬಿಡು, ಅದೇನು ಮಾತ್ರೆಯಾ?"

"ಹಾಗಾದ್ರೆ ಈಗಲೇ ಇಳಿಸಿ. ಹೊಸ ಡಿಸ್ಕು ಬಂದಿದೆ, ಪೆಟ್ಟಿಗೆ ಶುರುವಾಗಿದೆ, ಇನ್ನೇನು?"

"ಹೊಸ ಡಿಸ್ಕನ್ನ ಪರೀಕ್ಷೆ ಮಾಡ್ದೆ ಹೇಗೆ ನಂಬೋದು? ಪೂರ್ತಿ ಬರೆದು, ಪೂರ್ತಿ ಓದಿ ನೋಡಬೇಕು. ಒಂದೂವರೆ ದಿನ ಆಗುತ್ತೆ. ಭಾನುವಾರ ಬೆಳಿಗ್ಗೆ ಇಳಿಸಿದ್ರೆ ಮಧ್ಯಾಹ್ನಕ್ಕೆ ಮುಗಿಯುತ್ತೆ. ಆಸ್ಪತ್ರೆಗೆ ಸೇರಬೇಕಾಗಿರೋದು ಐದು ಗಂಟೆಗೆ."

"ರೀ..."

"ಇವಳೇ, ಈ ಒಂದು ವಿಷಯ ನನಗೆ ಬಿಡು." ಅಷ್ಟು ಹೇಳುವಷ್ಟರಲ್ಲಿ ಅವನಿಗೆ ಕೆಮ್ಮು ಬಂತು, ನಿಲ್ಲಲಿಲ್ಲ. ಅವಳು ನೀರು ಕೊಟ್ಟಳು. ಅವನು ಕುಡಿದು, ಲೋಟವನ್ನು ಬಿಳಿ ಬಟ್ಟೆಯಿಂದ ದೂರ ಇಟ್ಟು, ಪರೀಕ್ಷೆ ಶುರು ಮಾಡಿದ. ಪರದೆಯ ಮೇಲೆ ಶೇಕಡಾ ಸೊನ್ನೆ ಎಂದು ಬಂತು.

ಶನಿವಾರವೆಲ್ಲ ಇಬ್ಬರೂ ಆ ಅಂಕಿಯನ್ನು ಕಾಯ್ದರು. ಹನ್ನೊಂದಕ್ಕೆ ಐವತ್ತಾಯಿತು, ನಾಲ್ಕಕ್ಕೆ ಅರವತ್ತೆರಡು. ಅವನು ಹತ್ತು ನಿಮಿಷಕ್ಕೊಮ್ಮೆ ಬಂದು ಡಿಸ್ಕುಗಳ ಮೇಲೆ ಅಂಗೈ ಇಟ್ಟು ಬಿಸಿ ನೋಡುತ್ತಿದ್ದ. ಅವಳು ಕಿಟಕಿಯಿಂದ ಪಟ್ಟಿ ತಂದು, ಅವನ ಎದುರು ಕೂತು, ತಾನೇ ಮೊದಲ ವಾಕ್ಯ ಓದಿದಳು: "ಇವತ್ತು ಗಾಳಿ ತಣ್ಣಗಿದೆ." ಅವನು ನಕ್ಕ, ಓದಲಿಲ್ಲ. ಅವನ ಹಟ ಗೊತ್ತಿದ್ದರೂ, ಕಣ್ಣೆದುರೇ ದಿನ ಜಾರುತ್ತಿರುವಾಗ ಈ ಮನುಷ್ಯ ನಗುತ್ತಾನಲ್ಲ ಎಂದುಕೊಂಡು ಅವಳು ಪಟ್ಟಿಯನ್ನು ಮತ್ತೆ ಕಿಟಕಿಯಲ್ಲಿಟ್ಟಳು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ನಾಲ್ಕೂ ಡಿಸ್ಕು ಪಾಸಾದವು. ಅವನು ಸ್ನಾನ ಮಾಡಿ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು, ಹಳೆಯ ಪೆಟ್ಟಿಗೆಯಿಂದ ಹೊಸದಕ್ಕೆ ತಂತಿ ಜೋಡಿಸಿ, ಕೀ ಒತ್ತಿದ. ಫೈಲುಗಳ ಹೆಸರು ಒಂದರ ಹಿಂದೊಂದು ಮೇಲಕ್ಕೆ ಹರಿಯತೊಡಗಿದವು. ಮೊದಲ ಫೋಲ್ಡರಿನಲ್ಲಿದ್ದದ್ದು ಮಾತಲ್ಲ, ಪ್ರತಿ ಪ್ರಕಟಣೆಗೂ ಮೊದಲು ಬಾರಿಸುತ್ತಿದ್ದ ಗಂಟೆಯ ಸದ್ದುಗಳು. ಆ ಕಾಲದ ಒಂದೊಂದು ಗಂಟೆಯನ್ನೂ ಅವನು ಎತ್ತಿಟ್ಟಿದ್ದ.

ಎಂಟೂ ಮುಕ್ಕಾಲಿಗೆ ಹರಿವು ನಿಂತಿತು.

ಹಳೆಯ ಪೆಟ್ಟಿಗೆಯಿಂದ ಟಿಕ್ ಎಂದು ಸಣ್ಣ ಸದ್ದು ಬಂತು. ಸ್ವಲ್ಪ ಬಿಟ್ಟು ಮತ್ತೆ ಟಿಕ್. ಅವಳು ಅವನ ಮುಖ ನೋಡಿದಳು. ಅದು ಸುಣ್ಣದಂತೆ ಬೆಳ್ಳಗಾಗಿತ್ತು. ಅವನು ತಂತಿ ಬದಲಿಸಿದ. ಡಿಸ್ಕು ಬಿಚ್ಚಿ ಬೇರೆ ಕಿಂಡಿಗೆ ಸಿಕ್ಕಿಸಿದ. ಅದನ್ನು ಮಗ್ಗುಲಾಗಿ ಮಲಗಿಸಿದ, ನೆಟ್ಟಗೆ ನಿಲ್ಲಿಸಿದ, ಕಿವಿಗಿಟ್ಟುಕೊಂಡ. ಟಿಕ್, ಟಿಕ್, ಟಿಕ್. ಒಂಬತ್ತೂವರೆಗೆ ಆ ಸದ್ದೂ ನಿಂತಿತು. ಹೊಸ ಪೆಟ್ಟಿಗೆಯಲ್ಲಿ, ಎರಡು ಕಂಪನಿಯ, ಬೇರೆ ಬೇರೆ ತಾರೀಖಿನ, ಪರೀಕ್ಷೆಯಲ್ಲಿ ಪಾಸಾದ ನಾಲ್ಕು ಡಿಸ್ಕುಗಳ ಮೇಲೆ, ಗಂಟೆ ಬಾರಿಸುವ ನೂರಾ ಹನ್ನೆರಡು ಸದ್ದುಗಳು ಭದ್ರವಾಗಿ ಕೂತಿದ್ದವು. ಬೇರೇನೂ ಬಂದಿರಲಿಲ್ಲ.

ಅವಳು ಅಂಗಡಿಯವನಿಗೆ ಫೋನ್ ಮಾಡಿದಳು. "ಡಿಸ್ಕ್ ಬಿಚ್ಚಿ ಒಳಗಿನದನ್ನ ತೆಗೆಯೋರು ಇದಾರೆ ಅಕ್ಕಾ, ಮೂರ್ನಾಲ್ಕು ವಾರ ಹಿಡಿಯುತ್ತೆ, ಸಿಗುತ್ತೆ ಅಂತ ಹೇಳಕ್ಕಾಗಲ್ಲ," ಎಂದ ಅವನು. ಫೋನ್ ಇಟ್ಟು ಬಂದಾಗ ಗಂಡ ನೆಲದ ಮೇಲೆ ಕೂತಿದ್ದ, ಇಸ್ತ್ರಿ ಅಂಗಿಯ ಸಮೇತ.

"ನೀನು ಹೇಳಿದ್ದೆ," ಎಂದ.

ಹೇಳಿದ್ದೆ ಎಂದು ಕೂಗಿ ಹೇಳಲು ಅವಳಿಗೆ ಹಕ್ಕಿತ್ತು, ನಾಲಿಗೆಯ ತುದಿಗೂ ಬಂದಿತ್ತು. ಬುಧವಾರದಿಂದ ಅದುಮಿಟ್ಟದ್ದು ಬೇರೆಯದೇ ಆಗಿ ಹೊರಬಂತು. "ನಂಗೆ ಆ ದನಿ ಬೇಕಾಗೇ ಇರ್ಲಿಲ್ಲ ರೀ! ಅದು ಸ್ಟೇಷನ್ನಿನ ದನಿ. ಊರವರದು. ನನ್ನ ಜೊತೆ ಯಾವತ್ತು ಹಾಗೆ ಮಾತಾಡಿದ್ರಿ ನೀವು? ನನ್ನ ಜೊತೆ ಮಾತಾಡಿದ್ದು ಇದು, ಈಗ ಇರೋದು. ಇದನ್ನ ಮಾತ್ರ ಎಲ್ಲೂ ಇಟ್ಟಿಲ್ಲ ನೀವು. ನಾಲ್ಕು ದಿನ, ನಾಲ್ಕು ದಿನ ಸ್ಕ್ರೂ ತಿರುಗಿಸ್ತಾ ಕೂತ್ರಿ!"

ಅವನು ಆಮೇಲೆ ಹೇಳಿದ್ದನ್ನು ಕೇಳಲು ಅವಳು ಬಗ್ಗಬೇಕಾಯಿತು.

"ಬುಧವಾರ ಬೆಳಿಗ್ಗೆ, ನೀನು ಎದ್ದಿರ್ಲಿಲ್ಲ, ಒಂದು ವಾಕ್ಯ ಓದಿದೆ. ಓದಿದ ತಕ್ಷಣ ಅನ್ನಿಸ್ತು, ಇದೊಂದು ಮುಗೀತು, ಇನ್ನು ಈ ವಾಕ್ಯ ನಾನು ಹೇಳಲ್ಲ ಅಂತ. ಮುನ್ನೂರು ಸಲ ಹಾಗೆ ಅನ್ನಿಸ್ಕೊಳ್ಳೋಕೆ ನನ್ನ ಕೈಲಾಗಲ್ಲ ಕಣೇ. ಡಿಸ್ಕು ಆರಿಸ್ತಾ ಇದ್ರೆ... ಡಿಸ್ಕು ಆರಿಸ್ತಾ ಇದ್ರೆ ಇನ್ನೂ ಏನೋ ಆರಿಸೋಕೆ ಇದೆ ಅನ್ಸುತ್ತೆ."

ಅವಳು ಅವನ ಪಕ್ಕ ನೆಲದಲ್ಲೇ ಕೂತಳು. ಗಡಿಯಾರದಲ್ಲಿ ಹತ್ತೂ ಕಾಲು. "ಹಾಗಾದ್ರೆ ಪಟ್ಟಿ ಓದಬೇಡಿ," ಎಂದಳು ಕೊನೆಗೆ. "ನಾನು ಓದ್ತೀನಿ, ನೀವು ನನಗೆ ತಿರುಗಿ ಹೇಳಿ. ದಿನಾ ನನ್ನ ಮಾತಿಗೆ ಎದುರು ಹೇಳ್ತೀರಲ್ಲ, ಹಾಗೆ."

ಮಲಗುವ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿದರು. ಮಂಚದ ಮೇಲೆ ದಿಂಬು ಜೋಡಿಸಿ ಅದರ ನಡುವೆ ಮೈಕು ನಿಲ್ಲಿಸಿದ ಅವನು, ಲ್ಯಾಪ್‌ಟಾಪಿನ ಮುಂದೆ ಅವಳನ್ನು ಕೂರಿಸಿ, ಹೆಡ್‌ಫೋನ್ ತೊಡಿಸಿದ. ದನಿ ಬಂದಾಗ ಏಳುವ ಗೆರೆಯನ್ನು ತೋರಿಸಿ, "ಹಸಿರಲ್ಲಿದ್ರೆ ಸರಿ. ಕೆಂಪಿಗೆ ಹೋದ್ರೆ ಕೆಟ್ಟಿದೆ ಅಂತ, ಮತ್ತೆ ಹೇಳಿಸು," ಎಂದ. ಒಂದೊಂದು ವಾಕ್ಯ ಒಳಗೆ ಸೇರಿದಾಗಲೂ, ತೆರೆದ ಬಾಗಿಲಿನಾಚೆ ಊಟದ ಮೇಜಿನ ಮೇಲಿನ ಹೊಸ ಪೆಟ್ಟಿಗೆಯ ನಾಲ್ಕು ದೀಪಗಳು ಒಟ್ಟಿಗೆ ಮಿಣುಕುತ್ತಿದ್ದವು.

ಇವತ್ತು ಗಾಳಿ ತಣ್ಣಗಿದೆ. ನನಗೆ ಸ್ವಲ್ಪ ನೀರು ಬೇಕು. ಬಾಗಿಲು ಯಾರೋ ತಟ್ಟುತ್ತಿದ್ದಾರೆ. ಅವಳು ಓದುತ್ತಿದ್ದಳು, ಅವನು ಹೇಳುತ್ತಿದ್ದ, ಗೆರೆ ಏಳುತ್ತಿತ್ತು. ಹನ್ನೊಂದೂವರೆಗೆ ಮೂವತ್ತೆರಡು. "ನಾನು ಊಟ ಮಾಡಿದೆ" ಎನ್ನುವಲ್ಲಿ ದನಿ ಒಡೆಯಿತು. ಬಿಸಿನೀರು ಕುಡಿದು, ಹತ್ತು ನಿಮಿಷ ಸುಮ್ಮನಿದ್ದು, ಮತ್ತೆ ಶುರುಮಾಡಿದ. ಒಂದು ಗಂಟೆಗೆ ಐವತ್ತೊಂಬತ್ತು. ಪಟ್ಟಿಯಲ್ಲಿ "ನಿಮ್ಮ ಅಭಿಪ್ರಾಯವನ್ನು ನಾನು ಒಪ್ಪುತ್ತೇನೆ" ಎಂದಿತ್ತು. "ಇದನ್ನ ಬಿಟ್ಬಿಡು, ನಮ್ಮನೇಲಿ ಉಪಯೋಗಕ್ಕೆ ಬರಲ್ಲ," ಎಂದ ಅವನು. ಅವಳು ಹಟ ಹಿಡಿದು ಎರಡು ಸಲ ಹೇಳಿಸಿದಳು. ಎರಡೂವರೆಯ ಹೊತ್ತಿಗೆ ಅವನ ಹಣೆಯ ಮೇಲೆ ಬೆವರು ಸಾಲಿಟ್ಟಿತ್ತು. ಎಂಬತ್ತಮೂರು. ನಿಲ್ಲಿಸೋಣವೇ ಎಂದು ಕಣ್ಣಲ್ಲೇ ಕೇಳಿದಳು. ಅವನು ಬೇಡವೆಂದು ಕೈಯಾಡಿಸಿದ. ಮಾತನ್ನು ವಾಕ್ಯಗಳಿಗೆ ಮಾತ್ರ ಉಳಿಸಿಕೊಳ್ಳುತ್ತಿದ್ದ.

ಮೂರೂಮುಕ್ಕಾಲಿಗೆ ತೊಂಬತ್ತೊಂಬತ್ತಾಯಿತು. ಅವಳು ಮುಂದಿನದನ್ನು ಹುಡುಕಿ ಹಾಳೆ ಮಗುಚಿದಳು. ಹೊಸ ಪುಟದ ತಲೆಯಲ್ಲಿ ವಾಕ್ಯವಿರಲಿಲ್ಲ, ಒಂದು ಖಾಲಿ ಗೆರೆಯಿತ್ತು. ಅದರ ಕೆಳಗೆ ಸಣ್ಣಕ್ಷರದಲ್ಲಿ, ನಿಮ್ಮ ಮನೆಯವರ ಹೆಸರನ್ನು ಕರೆಯಿರಿ ಎಂದು ಅಚ್ಚಾಗಿತ್ತು.

ಅದನ್ನು ಅವಳು ಓದಿ ಹೇಳಲಿಲ್ಲ. ಹಾಳೆಯನ್ನೇ ಅವನ ಕಡೆ ತಿರುಗಿಸಿದಳು.

ತಪ್ಪಿಹೋದವರ, ಕಾಯುತ್ತಿದ್ದವರ, ಛತ್ರಿ ಮರೆತವರ ಹೆಸರುಗಳನ್ನು ಇಡೀ ನಿಲ್ದಾಣಕ್ಕೆ ಕೇಳುವಂತೆ ಕರೆದವನು ಅವನು. ಈ ಎರಡು ಕೋಣೆಯ ಮನೆಯಲ್ಲಿ ಇದ್ದದ್ದು ಇಬ್ಬರೇ. ಬಾಯಿ ತೆರೆದರೆ ಅದು ಇನ್ನೊಬ್ಬರಿಗೇ. ಮದುವೆಯಾದ ಇಪ್ಪತ್ತೇಳು ವರ್ಷದಲ್ಲಿ ಅವಳ ಹೆಸರು ಕರೆಯುವ ಅಗತ್ಯ ಅವನಿಗೆ ಒಮ್ಮೆಯೂ ಬಿದ್ದಿರಲಿಲ್ಲ, ಅವಳೂ ಕೇಳಿರಲಿಲ್ಲ.

ಅವನು ಗೆರೆಯನ್ನು ನೋಡುತ್ತ ಕೂತ. ಲೋಟ ಎತ್ತಿ ಒಂದು ಗುಟುಕು ಕುಡಿದ. ಮೈಕಿನ ಹತ್ತಿರ ಸರಿದು, ಉಸಿರೆಳೆದುಕೊಂಡು, ಅವಳ ಹೆಸರು ಹೇಳಿದ.

ಹೆಡ್‌ಫೋನಿನೊಳಗೆ ಅದು ಎರಡೂ ಕಿವಿಯ ಒಳಗೇ ಹೇಳಿದಂತೆ ಕೇಳಿಸಿತು. ಒರಟಾಗಿತ್ತು, ಕೊನೆಯಲ್ಲಿ ಸ್ವಲ್ಪ ನಡುಗಿತ್ತು. ಪರದೆಯ ಮೇಲೆ ಗೆರೆ ಎಷ್ಟು ಏಳಬೇಕೋ ಅಷ್ಟೇ ಎದ್ದು, ಹಸಿರಲ್ಲೇ ನಿಂತು, ಇಳಿಯಿತು. ನಾಲ್ಕು ದೀಪಗಳು ಮಿಣುಕಿ ತೆಪ್ಪಗಾದವು. ಅವನು ಹೆಬ್ಬೆರಳು ಎತ್ತಿ, ಸರಿ ಬಂತೇ ಎಂದು ಕೇಳಿದ.

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಸರಿ ಬರ್ಲಿಲ್ಲ," ಎಂದಳು. "ಇನ್ನೊಂದ್ಸಲ ಹೇಳಿ."